ಹದಿನಾಲ್ಕರಿಂದ ಹದಿನೆಂಟರವರೆಗೆ: ಗಡಿನಾಡಿನ ಕಿಶೋರ ಕಾರ್ಮಿಕರು ಮತ್ತು ಕಾನೂನಿನ ಭಾಷೆ

ಬಾಲಕಾರ್ಮಿಕ ಪದ್ಧತಿಯ ಕುರಿತಾದ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಹದಿನಾಲ್ಕನೆಯ ವಯಸ್ಸಿಗೆ ಬಂದು ನಿಲ್ಲುತ್ತವೆ. ಆ ವಯಸ್ಸಿನವರೆಗೆ ದುಡಿಮೆ ನಿಷಿದ್ಧ, ಶಿಕ್ಷಣ ಕಡ್ಡಾಯ ಎಂಬ ನಿಲುವು ಸ್ಪಷ್ಟವಾಗಿದೆ. ಆದರೆ ಹದಿನಾಲ್ಕು ತುಂಬಿ ಹದಿನೆಂಟು ತುಂಬದ ನಾಲ್ಕು ವರ್ಷಗಳ ಅವಧಿಯಲ್ಲಿ ಕಾನೂನು ದುಡಿಮೆಯನ್ನು ಪೂರ್ಣವಾಗಿ ನಿಷೇಧಿಸುವುದಿಲ್ಲ. ಷರತ್ತುಗಳಿಗೆ ಒಳಪಡಿಸಿ ನಿಯಂತ್ರಿಸುತ್ತದೆ. ನಿಷೇಧವು ಎಲ್ಲರಿಗೂ ಗೊತ್ತಿರುವ ಸಂಗತಿ; ಷರತ್ತುಗಳನ್ನಾದರೋ ಓದಿ ತಿಳಿಯಬೇಕು. ಕಾಸರಗೋಡು, ತಾಳವಾಡಿ, ಹೊಸೂರು, ಜತ್ತ, ಅಕ್ಕಲಕೋಟೆ, ಆದೋನಿ, ಮಡಕಶಿರಗಳಂತಹ ಪ್ರದೇಶಗಳಲ್ಲಿ ಅವುಗಳನ್ನು ಯಾವ ಭಾಷೆಯಲ್ಲಿ ಓದಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಈ ವಿಷಯದ ಮೂಲ ಶಾಸನ 1986ರ ಬಾಲಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆ. 2016ರ ತಿದ್ದುಪಡಿಯವರೆಗೆ ಅದರಲ್ಲಿ 'ಕಿಶೋರ'ನೆಂಬ ವರ್ಗವೇ ಇರಲಿಲ್ಲ. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಕಾಯ್ದೆಯ ಹೆಸರಿನಲ್ಲಿಯೇ ಕಿಶೋರರನ್ನು ಸೇರಿಸಿತು. ಅದರಂತೆ 14 ವರ್ಷ ತುಂಬದವರನ್ನು ಯಾವ ಉದ್ಯೋಗದಲ್ಲಿಯೂ ನೇಮಿಸುವಂತಿಲ್ಲ. ಶಾಲಾವಧಿಯ ನಂತರ ಅಥವಾ ರಜೆಯಲ್ಲಿ ಕುಟುಂಬದ ಅಪಾಯಕಾರಿಯಲ್ಲದ ಕೆಲಸಕ್ಕೆ ನೆರವಾಗುವುದು ಮತ್ತು ಷರತ್ತುಬದ್ಧವಾಗಿ ಕಲಾವಿದರಾಗಿ ದುಡಿಯುವುದು ಮಾತ್ರ ಇದಕ್ಕೆ ಅಪವಾದಗಳು. 14ರಿಂದ 18ರ ನಡುವಿನವರನ್ನು ಗಣಿ, ಸ್ಫೋಟಕ ವಸ್ತುಗಳೇ ಮೊದಲಾದ ಅನುಸೂಚಿತ ಅಪಾಯಕಾರಿ ಕೆಲಸಗಳಿಗೆ ನೇಮಿಸುವಂತಿಲ್ಲ, ಉಳಿದೆಡೆ ನೇಮಿಸಬಹುದು.

ಆ ನೇಮಕಕ್ಕೆ ಕಾಯ್ದೆಯ ಮೂರನೆಯ ಭಾಗ ವಿಧಿಸುವ ಷರತ್ತುಗಳು ಬಹಳ ನಿರ್ದಿಷ್ಟವಾಗಿವೆ. ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ಕನಿಷ್ಠ ಒಂದು ಗಂಟೆಯ ವಿರಾಮ ಇರಲೇಬೇಕು. ವಿರಾಮವನ್ನೂ ಕೆಲಸಕ್ಕಾಗಿ ಕಾಯುವ ಹೊತ್ತನ್ನೂ ಸೇರಿಸಿ ದಿನದ ಅವಧಿ ಆರು ಗಂಟೆಯನ್ನು ಮೀರಬಾರದು. ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ನಿಷಿದ್ಧ. ಹೆಚ್ಚುವರಿ ಅವಧಿಯ ದುಡಿಮೆಯಿಲ್ಲ. ಒಂದೇ ದಿನ ಎರಡು ಕಡೆ ದುಡಿಯುವಂತಿಲ್ಲ. ವಾರಕ್ಕೊಂದು ಪೂರ್ಣ ದಿನದ ರಜೆ ಕಡ್ಡಾಯ. ಉದಾಹರಣೆಗೆ, ಬೆಳಿಗ್ಗೆ 9ಕ್ಕೆ ಕೆಲಸಕ್ಕೆ ಹಾಜರಾದ ಹದಿನಾರರ ಹುಡುಗನಿಗೆ 12ಕ್ಕೆ ವಿರಾಮ ದೊರೆಯಬೇಕು. 1ಕ್ಕೆ ಮರಳಿದವನು 3ಕ್ಕೆ ಮನೆಗೆ ಹೊರಡಬೇಕು. ಲಾರಿ ಬಂದಿಲ್ಲವೆಂದು ಅವನು ಒಂದು ಗಂಟೆ ಸುಮ್ಮನೆ ಕುಳಿತಿದ್ದರೂ ಆ ಗಂಟೆ ಲೆಕ್ಕದಿಂದ ಹೊರಗುಳಿಯುವುದಿಲ್ಲ.

ಕಾರ್ಮಿಕ ಕಲ್ಯಾಣವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರದ ಶಾಸನದ ಜೊತೆಗೆ ರಾಜ್ಯಗಳ ಶಾಸನಗಳೂ ಇವೆ. ರೈಲ್ವೆ, ಪ್ರಮುಖ ಬಂದರು, ಗಣಿಗಳಂತಹ ಕ್ಷೇತ್ರಗಳನ್ನು ಬಿಟ್ಟರೆ 1986ರ ಕಾಯ್ದೆಯ ಅನುಷ್ಠಾನವೂ ನಿಯಮ ರಚನೆಯೂ ರಾಜ್ಯ ಸರ್ಕಾರಗಳ ಹೊಣೆ. ಅಂಗಡಿ, ಹೋಟೆಲುಗಳಿಗೆ ಪ್ರತ್ಯೇಕವಾದ ರಾಜ್ಯ ಕಾಯ್ದೆಗಳಿದ್ದು, ವಯಸ್ಸಿನ ಗೆರೆಯನ್ನು ಅವು ಒಂದೇ ಕಡೆ ಎಳೆಯುವುದಿಲ್ಲ. ತಮಿಳುನಾಡಿನ 1947ರ ಕಾಯ್ದೆಯೂ ಕೇರಳದ 1960ರ ಕಾಯ್ದೆಯೂ 'ಎಳೆಯ ವ್ಯಕ್ತಿ'ಯ ರಕ್ಷಣೆಯನ್ನು 17 ವರ್ಷಕ್ಕೆ ಮುಗಿಸುವಂತೆ ರೂಪುಗೊಂಡವು. ಹಾಗಾಗಿ ಹೊಸೂರಿನ ಅಂಗಡಿಯೊಂದರಲ್ಲಿ ದುಡಿಯುವ ಹದಿನೇಳೂವರೆಯ ಹುಡುಗಿಯು ರಾಜ್ಯದ ಆ ಕಾಯ್ದೆಯ ದೃಷ್ಟಿಯಲ್ಲಿ ವಯಸ್ಕಳಂತೆ ಕಂಡರೂ ಕೇಂದ್ರದ ಕಾಯ್ದೆಯ ದೃಷ್ಟಿಯಲ್ಲಿ ಇನ್ನೂ ಕಿಶೋರಿ. ಮಾಲೀಕನ ಬಳಿ ಇರುವುದು ರಾಜ್ಯದ ಕಾಯ್ದೆಯ ಪ್ರತಿ ಮಾತ್ರವಾದರೆ ಅವಳ ರಕ್ಷಣೆಯ ಒಂದು ವರ್ಷ ಕಡತದಿಂದಲೇ ಮಾಯವಾಗಬಹುದು.

ಗಡಿ ದಾಟಿ ದುಡಿಯುವವರ ವಿಷಯದಲ್ಲಿ ನೆನಪಿಡಬೇಕಾದ ತತ್ವ ಸರಳವಾಗಿದೆ: ಅನ್ವಯವಾಗುವುದು ಕೆಲಸದ ಸ್ಥಳವಿರುವ ರಾಜ್ಯದ ನಿಯಮ, ಮನೆಯಿರುವ ರಾಜ್ಯದ್ದಲ್ಲ. ತಾಳವಾಡಿಯ ಹುಡುಗನು ಚಾಮರಾಜನಗರದಲ್ಲಿ ದುಡಿದರೆ ಕರ್ನಾಟಕದ ನಿಯಮ. ಸತ್ಯಮಂಗಲದಲ್ಲಿ ದುಡಿದರೆ ತಮಿಳುನಾಡಿನ ನಿಯಮ. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ನಿಯಮಾವಳಿಗಳಿಗೆ, ಇಬ್ಬರು ಬೇರೆ ಬೇರೆ ನಿರೀಕ್ಷಕರಿಗೆ ಒಳಪಟ್ಟಿರುವುದು ಗಡಿನಾಡಿನಲ್ಲಿ ಅಸಂಭವವೇನಲ್ಲ.

ಬೀಡಿ ಉದ್ಯಮದ ಉದಾಹರಣೆಯು ಶಾಸನದ ವಿಕಾಸವನ್ನು ತೋರಿಸುತ್ತದೆ. ಸೊಲ್ಲಾಪುರದಲ್ಲಿಯೂ ಕಾಸರಗೋಡಿನ ಕನ್ನಡ ಭಾಗದಲ್ಲಿಯೂ ಮನೆಯೇ ಬೀಡಿ ಕಟ್ಟುವ ಸ್ಥಳವಾಗಿರುವುದು ಹಳೆಯ ರೂಢಿ. ಬೀಡಿ ತಯಾರಿಕೆಯು 1986ರ ಮೂಲ ಅನುಸೂಚಿಯಲ್ಲಿಯೇ ನಿಷಿದ್ಧ ಪ್ರಕ್ರಿಯೆಯಾಗಿತ್ತು. ಆದರೆ ಮನೆಯವರ ನೆರವಿನಿಂದ ನಡೆಯುವ ಕೆಲಸಕ್ಕೆ ಅದೇ ಕಾಯ್ದೆ ವಿನಾಯಿತಿ ನೀಡಿತ್ತು. ಕಾರ್ಖಾನೆಯಲ್ಲಿ ಅಪರಾಧವಾದದ್ದು ಜಗಲಿಯಲ್ಲಿ ಅಪರಾಧವಾಗಿರಲಿಲ್ಲ. 2016ರ ನಂತರ ಕುಟುಂಬದ ವಿನಾಯಿತಿಯು ಅನುಸೂಚಿತ ಅಪಾಯಕಾರಿ ಕೆಲಸಗಳಿಗೆ ವಿಸ್ತರಿಸುವುದಿಲ್ಲ. ನೀಲಗಿರಿ, ವಯನಾಡುಗಳ ತೋಟಗಳಿಗೆ ಸಂಬಂಧಿಸಿದ 1951ರ ಕಾಯ್ದೆ ಮತ್ತು ಬೀಡಿ ಕಾರ್ಮಿಕರ 1966ರ ಕಾಯ್ದೆಗಳು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ವಿಲೀನಗೊಂಡಿವೆ. 1986ರ ಕಾಯ್ದೆಯು ಈ ವಿಲೀನಕ್ಕೆ ಸೇರಿಲ್ಲ. ಅದು ಸ್ವತಂತ್ರವಾಗಿಯೇ ಉಳಿದಿದೆ.

ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಅತ್ಯಂತ ಮುಖ್ಯವಾದುದು ಈ ಕಾಯ್ದೆಯ 12ನೆಯ ಪ್ರಕರಣ. ನಿಷೇಧ ಮತ್ತು ಶಿಕ್ಷೆಗಳ ಸಾರಾಂಶವನ್ನು ಕೆಲಸದ ಸ್ಥಳದಲ್ಲಿ ಎದ್ದು ಕಾಣುವಂತೆ ಸ್ಥಳೀಯ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರದರ್ಶಿಸಬೇಕೆಂದು ಅದು ವಿಧಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಶಾಸನಕಾರರು ಬಳಸಿದ್ದು 'ರಾಜ್ಯದ ಅಧಿಕೃತ ಭಾಷೆ' ಎಂಬ ಪದವನ್ನಲ್ಲ, 'ಸ್ಥಳೀಯ ಭಾಷೆ' ಎಂಬ ಪದವನ್ನು. ಅದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆಯಿಲ್ಲ. ಸ್ಥಳವೊಂದರ ಭಾಷೆಯನ್ನು ರಾಜಧಾನಿಯ ಭಾಷೆಯಿಂದ ನಿರ್ಧರಿಸಬೇಕೇ, ಆ ಸ್ಥಳದ ಜನರ ಭಾಷೆಯಿಂದ ನಿರ್ಧರಿಸಬೇಕೇ? ಪದದ ಸಹಜಾರ್ಥವು ಎರಡನೆಯದರ ಪರವಾಗಿದೆ. ಜಿಲ್ಲೆ ಅಥವಾ ಅದಕ್ಕಿಂತ ಕಿರಿಯ ಘಟಕದಲ್ಲಿ ಜನಸಂಖ್ಯೆಯ ಶೇ. 15ರಷ್ಟು ಜನ ಆಡುವ ಭಾಷೆಗಳಲ್ಲಿ ಮುಖ್ಯ ನಿಯಮಗಳನ್ನೂ ಸೂಚನೆಗಳನ್ನೂ ಪ್ರಕಟಿಸಬೇಕೆಂಬ ರಾಷ್ಟ್ರೀಯ ಒಪ್ಪಿತ ಸೂತ್ರವೂ ಈ ಅರ್ಥವನ್ನೇ ಬೆಂಬಲಿಸುತ್ತದೆ.

ಪರಿಭಾಷೆಯೂ ತೊಡಕಿನದೇ. ಕನ್ನಡದ 'ಕಿಶೋರ'ನಿಗೆ ಮರಾಠಿಯ 'ಕಿಶೋರವಯೀನ' ಹತ್ತಿರದ್ದು. ಮಲಯಾಳ, ತೆಲುಗುಗಳ 'ಕೌಮಾರ'ವನ್ನು ಕನ್ನಡಿಗನು ಕುಮಾರ ಶಬ್ದದಿಂದ ಊಹಿಸಿಕೊಳ್ಳಬೇಕು. ತಮಿಳಿನ 'ವಳರಿಳಂ ಪರುವಂ' ಆ ಭಾಷೆಯಲ್ಲಿ ಓದಿದವನಿಗಲ್ಲದೆ ಫಲಕದ ಮೇಲಿನ ಕಾನೂನಿನ ಪದವಾಗಿ ತಟ್ಟನೆ ಹೊಳೆಯಲಾರದು. ಮಾತಿನಲ್ಲಿ ದ್ವಿಭಾಷಿಕನಾದ ಹುಡುಗನು ಓದಿನಲ್ಲಿ ಏಕಭಾಷಿಕನಾಗಿರಬಹುದು ಎಂಬ ಅಂಶವನ್ನು ಕಾರ್ಮಿಕ ಇಲಾಖೆಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಯಸ್ಸಿನ ದಾಖಲೆಯ ಪ್ರಶ್ನೆಯೂ ಭಾಷೆಯೊಂದಿಗೆ ಹೆಣೆದುಕೊಂಡಿದೆ. ವಯಸ್ಸಿನ ಬಗ್ಗೆ ವಿವಾದ ಹುಟ್ಟಿ, ನಿಗದಿತ ಪ್ರಮಾಣಪತ್ರವೂ ಇಲ್ಲದಿದ್ದರೆ ನಿರೀಕ್ಷಕರು ಅದನ್ನು ವೈದ್ಯಕೀಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ವೈದ್ಯಕೀಯ ಪರೀಕ್ಷೆಯು ವಯಸ್ಸನ್ನು ಅಂದಾಜಿಸಬಲ್ಲುದೇ ಹೊರತು ಜನ್ಮದಿನವನ್ನು ಹೇಳಲಾರದು. ಹದಿನೇಳು ಹದಿನೆಂಟರ ಅಂಚಿನಲ್ಲಿ ಆ ಅಂದಾಜಿನ ಮೇಲೆಯೇ ರಕ್ಷಣೆ ನಿಂತಿರುತ್ತದೆ. ಕನ್ನಡ ಮಾಧ್ಯಮ ಶಾಲೆಯ ದಾಖಲೆಯನ್ನು ಓದಬಲ್ಲವರು ಕಚೇರಿಯಲ್ಲಿಲ್ಲವೆಂಬ ಕಾರಣಕ್ಕೆ ಹುಡುಗನೊಬ್ಬ ಆ ಅಂದಾಜಿಗೆ ಒಳಗಾಗಬಾರದು.

ದೂರು ನೀಡುವ ದಾರಿಯನ್ನು ಕಾಯ್ದೆ ಅಗಲವಾಗಿಯೇ ಇರಿಸಿದೆ. 16ನೆಯ ಪ್ರಕರಣದಂತೆ ಯಾವುದೇ ವ್ಯಕ್ತಿಯು ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಅಕ್ರಮ ನೇಮಕಕ್ಕೆ ಆರು ತಿಂಗಳಿಂದ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಸಂವಿಧಾನದ 350ನೆಯ ಅನುಚ್ಛೇದವು ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. ಆದ್ದರಿಂದ ಜತ್ತದ ಕಾರ್ಮಿಕ ಅಧಿಕಾರಿಗೆ ಕನ್ನಡದಲ್ಲಿ ಬರೆದ ಅರ್ಜಿಯನ್ನು ಭಾಷೆಯ ಕಾರಣದಿಂದ ಹಿಂದಿರುಗಿಸುವುದು ನ್ಯಾಯವೆನಿಸದು.

ಕಡ್ಡಾಯ ಶಿಕ್ಷಣದ ರಕ್ಷಣೆಯು ಹದಿನಾಲ್ಕಕ್ಕೆ, ಅಂದರೆ ಹೆಚ್ಚುಕಡಿಮೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಸಮೀಪದಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲೆಯಿಲ್ಲದ ಊರಿನಲ್ಲಿ ಮಕ್ಕಳು ತಮ್ಮ ಓದಿನ ಭಾಷೆಯನ್ನು ಕಳೆದುಕೊಳ್ಳುವುದೂ ದುಡಿಮೆಗೆ ಅರ್ಹರಾಗುವುದೂ ಒಂದೇ ವಯಸ್ಸಿನಲ್ಲಿ. ಗಡಿನಾಡಿನ ಶಾಲೆಗಳ ಅಧ್ಯಯನವನ್ನು ಕೈಗೊಳ್ಳುವವರು ಎಂಟನೆಯ ತರಗತಿಯ ನಂತರ ಹಾಜರಿ ಪುಸ್ತಕದಿಂದ ಬಿಟ್ಟುಹೋದ ಹೆಸರುಗಳನ್ನು ಅನುಸರಿಸಿ ಕೆಲಸದ ಸ್ಥಳಗಳವರೆಗೂ ಹೋಗಿ, ಅಲ್ಲಿ 12ನೆಯ ಪ್ರಕರಣದ ಫಲಕವಿದೆಯೇ, ಇದ್ದರೆ ಯಾವ ಭಾಷೆಯಲ್ಲಿದೆ ಎಂಬುದನ್ನು ದಾಖಲಿಸಿದರೆ ಈ ಕಾನೂನಿನ ನಿಜವಾದ ವ್ಯಾಪ್ತಿ ನಮಗೆ ತಿಳಿದುಬರುತ್ತದೆ.