ಪದ ಷರೀಫರದು, ರಾಗ ಯಾರದು? ಹಳೆ ಹಾಡನ್ನು ಹೊಸದಾಗಿ ಹಾಡೋದರ ಹಿಂದಿನ ಕಥೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)

ಇವತ್ತಿನ ಕಂತಿಗೆ ಕಾರಣ ಒಂದು ವಾಯ್ಸ್ ನೋಟ್. ಚಿಕ್ಕನಾಯಕನಹಳ್ಳಿ ಕಡೆಯ ಕಾಲೇಜು ಹುಡುಗಿಯೊಬ್ಬಳು ಕಳಿಸಿದ್ದು. ‘ಅಣ್ಣಾ, ಶಿಶುನಾಳ ಷರೀಫರ ಪದ ಹಾಡಿ ವಿಡಿಯೊ ಹಾಕಿದ್ದೆ. ಕಾಪಿರೈಟ್ ಅಂತ ಸೌಂಡ್ ಮ್ಯೂಟ್ ಮಾಡಿದ್ದಾರೆ. ಷರೀಫರು ತೀರಿಕೊಂಡು ನೂರು ವರ್ಷದ ಮೇಲಾಯ್ತಲ್ಲ, ಅದಕ್ಕೆ ಇನ್ನೂ ಯಾರು ಮಾಲೀಕರು?’

ಒಳ್ಳೆ ಪ್ರಶ್ನೆ. ಇದರ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ. ಹಳೆ ಹಾಡನ್ನು ಹೊಸಬರು ತಮಗೆ ಬೇಕಾದ ಹಾಗೆ ಹಾಡಬಹುದಾ? ಹಾಡಿದರೆ ಅದು ಗೌರವವೋ, ಕೆಡಿಸೋದೋ? ಎರಡಕ್ಕೂ ಉತ್ತರ ಹುಡುಕೋಣ. ಅದಕ್ಕೆ ಮೊದಲು ಸ್ವಲ್ಪ ದೂರ, ಅಮೆರಿಕದವರೆಗೆ ಹೋಗಿ ಬರಬೇಕು.

‘ಸ್ಟ್ಯಾಂಡರ್ಡ್’ ಅಂದ್ರೆ ಏನು?

ಜಾಝ್ ಸಂಗೀತದಲ್ಲಿ ‘ಸ್ಟ್ಯಾಂಡರ್ಡ್’ ಅನ್ನೋ ಮಾತಿದೆ. ಅಲ್ಲಿನ ಕಲಾವಿದರಿಗೆಲ್ಲ ಬಾಯಿಗೆ ಬರೋ ಹಾಡು ಅಂತ ಅರ್ಥ. ಇವುಗಳಲ್ಲಿ ಬಹಳಷ್ಟು 1920ರಿಂದ 1940ರ ದಶಕದವರೆಗೆ ನಾಟಕಕ್ಕೋ ಸಿನಿಮಾಕ್ಕೋ ಬರೆದವು. ಒಬ್ಬರಿಗೊಬ್ಬರು ಗೊತ್ತಿಲ್ಲದ ನಾಲ್ವರು ವಾದಕರು ಒಂದು ಕಡೆ ಸೇರಿದರೂ, ಹಾಡಿನ ಹೆಸರು ಹೇಳಿದರೆ ಸಾಕು, ನುಡಿಸೋಕೆ ಶುರು ಮಾಡ್ತಾರೆ. ಮೂಲ ರಾಗ ಒಂದು ಸಲ ಬರುತ್ತೆ, ಆಮೇಲೆ ಒಬ್ಬೊಬ್ಬರದೂ ಒಂದೊಂದು ದಾರಿ.

ಸೋಲ್ ಗಾಯಕರು ಬಂದದ್ದು ಬೇರೆ ಕಡೆಯಿಂದ. ಕಪ್ಪು ಜನರ ಚರ್ಚಿನ ಗಾಸ್ಪೆಲ್ ಹಾಡು ಮತ್ತು ರಿದಮ್ ಅಂಡ್ ಬ್ಲೂಸ್ ಸೇರಿ 1950-60ರ ದಶಕದಲ್ಲಿ ಸೋಲ್ ಬೆಳೆಯಿತು. ಚರ್ಚಿನಲ್ಲಿ ಒಬ್ಬರು ಎತ್ತಿ ಹಾಡ್ತಾರೆ, ಉಳಿದವರು ತಿರುಗಿ ಹಾಡ್ತಾರೆ. ನಮ್ಮ ಭಜನೆಯ ಹಾಗೇ, ಅಲ್ವಾ? ಒಂದೇ ಅಕ್ಷರವನ್ನು ಎಳೆದು, ಬಳುಕಿಸಿ, ಗಂಟಲು ಬಿರಿಯೋ ತನಕ ತಗೊಂಡು ಹೋಗೋದು ಆ ಶೈಲಿಯ ಜೀವ.

ಈ ಗಾಯಕರ ಕೈಗೆ ಹಳೆ ಹಾಡು ಸಿಕ್ಕಾಗ ಏನಾಯ್ತು ನೋಡಿ. ‘ಅಟ್ ಲಾಸ್ಟ್’ 1941ರ ಹಾಡು, ಸಿನಿಮಾಕ್ಕಾಗಿ ಬರೆದದ್ದು. ಗ್ಲೆನ್ ಮಿಲ್ಲರ್ ಅವರ ದೊಡ್ಡ ವಾದ್ಯಮೇಳ ಅದನ್ನು ನುಡಿಸಿತ್ತು. 1960ರಲ್ಲಿ ಎಟ್ಟಾ ಜೇಮ್ಸ್ ಅದನ್ನೇ ಶೀರ್ಷಿಕೆ ಮಾಡಿಕೊಂಡು ಒಂದು ಆಲ್ಬಮ್ ತಂದರು. ಅದರಲ್ಲಿ 1933ರ ‘ಸ್ಟಾರ್ಮಿ ವೆದರ್’ ಕೂಡ ಇತ್ತು. ಇವತ್ತು ‘ಅಟ್ ಲಾಸ್ಟ್’ ಅಂದ್ರೆ ಜನರಿಗೆ ನೆನಪಾಗೋದು ಎಟ್ಟಾ ಜೇಮ್ಸ್ ದನಿ. ‘ಜಾರ್ಜಿಯಾ ಆನ್ ಮೈ ಮೈಂಡ್’ ಹುಟ್ಟಿದ್ದು 1930ರಲ್ಲಿ. 1960ರಲ್ಲಿ ರೇ ಚಾರ್ಲ್ಸ್ ಹಾಡಿದ ಮೇಲೆ ಅದು ಎಷ್ಟು ಹತ್ತಿರವಾಯಿತು ಅಂದ್ರೆ, 1979ರಲ್ಲಿ ಜಾರ್ಜಿಯಾ ರಾಜ್ಯ ಅದನ್ನು ತನ್ನ ನಾಡಗೀತೆ ಮಾಡಿಕೊಂಡಿತು.

ಅಂದ್ರೆ ಹೊಸ ದನಿ ಹಳೆ ಹಾಡಿಗೆ ಎರಡನೇ ಜನ್ಮ ಕೊಡಬಹುದು. ಆದರೆ ಎಲ್ಲ ಹಾಡೂ ಇದನ್ನು ತಡ್ಕೊಳಲ್ಲ. ಒಬ್ಬರ ದನಿ, ಒಂದು ವಾದ್ಯ ತೆಗೆದರೆ ಬಿದ್ದು ಹೋಗೋ ಹಾಡುಗಳೇ ಜಾಸ್ತಿ. ಯಾರು ಹಾಡಿದರೂ ನಿಲ್ಲೋದು ಸ್ಟ್ಯಾಂಡರ್ಡ್.

ನಮ್ಮ ಸ್ಟ್ಯಾಂಡರ್ಡ್ ಯಾವುದು?

ನನ್ನ ಪ್ರಕಾರ ಕನ್ನಡದಲ್ಲಿ ಈ ಜಾಗ ತತ್ವಪದಗಳದ್ದು, ಅದರಲ್ಲೂ ಶಿಶುನಾಳ ಷರೀಫರದ್ದು. ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಊರು ಈಗಿನ ಹಾವೇರಿ ಜಿಲ್ಲೆಯ ಶಿಶುನಾಳ, ಗುರು ಕಳಸದ ಗೋವಿಂದ ಭಟ್ಟರು. ಹುಕ್ಕಾ, ಕೋಳಿ, ಸೋರುವ ಸೂರು, ಕಣ್ಣಿಗೆ ಬಿದ್ದದ್ದರಲ್ಲೆಲ್ಲ ಅವರು ದೇಹ-ಆತ್ಮದ ಮಾತು ಹೇಳಿದರು.

ಪದಗಳು ಬಾಯಿಂದ ಬಾಯಿಗೆ ಬಂದವು. ಆ ಕಾಲದಲ್ಲಿ ರೆಕಾರ್ಡಿಂಗ್ ಇರಲಿಲ್ಲ, ಹಾಗಾಗಿ ‘ಇದೇ ಮೂಲ ರಾಗ’ ಅಂತ ಬೆರಳು ತೋರಿಸೋಕೆ ದಾರಿಯಿಲ್ಲ. ಪ್ರತಿ ಊರಿನ ಭಜನೆ ತಂಡ ತನಗೆ ಒಗ್ಗಿದ ಮಟ್ಟಿನಲ್ಲಿ, ಏಕತಾರಿ, ದಮ್ಮಡಿ, ತಾಳ ಇಟ್ಕೊಂಡು ಹಾಡಿತು.

ಇಡೀ ರಾಜ್ಯಕ್ಕೆ ಒಂದೇ ದನಿಯಲ್ಲಿ ಕೇಳಿಸಿದ್ದು ಸಿ. ಅಶ್ವತ್ಥ್. ನಮ್ಮ ತುರುವೇಕೆರೆಗೆ ಹತ್ತಿರದ ಚನ್ನರಾಯಪಟ್ಟಣದವರು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಷರೀಫರ ಪದಗಳನ್ನು ನಾಡಿಗೆ ಪರಿಚಯಿಸಿ ‘ಷರೀಫ ಭಟ್ಟ’ ಅಂತಲೇ ಹೆಸರಾದರು. ಅಶ್ವತ್ಥ್ ಅವುಗಳಿಗೆ ರಾಗ ಹಾಕಿ ಹಾಡಿದರು. ಮನೆಮನೆಗೂ ಕ್ಯಾಸೆಟ್ ಹೋಯಿತು. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಷರೀಫ’ ಸಿನಿಮಾ ಮಾಡಿದರು. ಶ್ರೀಧರ್ ಷರೀಫರಾದರು, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾದರು, ದನಿ ಮತ್ತು ಸಂಗೀತ ಅಶ್ವತ್ಥ್ ಅವರದ್ದು.

ಆಮೇಲೆ 2008. ಮೈಸೂರಿನಲ್ಲಿ ಓದಿ ಬೆಳೆದ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಎರಡನ್ನೂ ಹಾಡಿದರು. ಹಾರ್ಮೋನಿಯಂ, ತಬಲದ ಜಾಗಕ್ಕೆ ಗಿಟಾರ್, ಬೇಸ್, ಡ್ರಮ್ಸ್ ಬಂದವು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ‘ಅತ್ಯುತ್ತಮ ಹೊಸ ಕಲಾವಿದ’ ಪ್ರಶಸ್ತಿ ಕೊಟ್ಟಿತು. ಕನ್ನಡ ಒಂದಕ್ಷರ ಗೊತ್ತಿಲ್ಲದವರೂ ಷರೀಫರಿಗೆ ತಲೆದೂಗಿದರು.

ಎರಡು ‘ಸೋರುತಿಹುದು’ಗಳನ್ನೂ ಇಯರ್‌ಫೋನ್ ಹಾಕ್ಕೊಂಡು ಒಂದರ ಹಿಂದೆ ಒಂದು ಕೇಳಿ. ಅಶ್ವತ್ಥ್ ತಾರಸ್ಥಾಯಿಗೆ ಹೋದಾಗ ಯಾರೋ ಹಟ್ಟಿ ಮುಂದೆ ನಿಂತು ಊರನ್ನೇ ಕೂಗಿ ಕರೀತಿರೋ ಹಾಗೆ ಇರುತ್ತೆ. ರಘು ಹಾಡಿನಲ್ಲಿ ಲಯ ನಮ್ಮನ್ನು ಕುಣಿಸುತ್ತೆ. ಕುಣೀತಾ ಕುಣೀತಾ ‘ಅರೆ, ಸೋರ್ತಿರೋದು ನನ್ನ ಮನೆಯೇ’ ಅಂತ ಹೊಳೆಯುತ್ತೆ. ಪದ ಅದೇ, ಅದು ಒಳಗೆ ಇಳಿಯೋ ದಾರಿ ಬೇರೆ.

ತಿಪಟೂರು ಸೀಮೆಯವರಿಗೆ ಮೂರನೇ ದಾರಿಯೂ ಉಂಟು. ಇಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಪೂರ್ತಿ ಇಂಗಿದ ಮೇಲೆ ಉಂಡೆ ಕೊಬ್ಬರಿ ಮಾಡ್ತಾರೆ. ಅಷ್ಟರಲ್ಲಿ ಸೂರು ಸೋರಿದರೆ ಕೊಬ್ಬರಿ ಕಪ್ಪಾಗುತ್ತೆ, ವರ್ಷದ ದುಡಿಮೆ ಹೋಗುತ್ತೆ. ಈ ಪದ ನಮ್ಮೂರ ಭಜನೆಯಲ್ಲಿ ಬಂದಾಗ ಹಿರಿಯರ ಮುಖ ಗಂಭೀರವಾಗೋದು ಬರೀ ವೇದಾಂತಕ್ಕಲ್ಲ.

ಹಾಗಾದರೆ ಮಾಲೀಕರು ಯಾರು?

ಈಗ ಕಾಪಿರೈಟ್ ವಿಷಯ. ತೆಂಗಿನಕಾಯಿಗೆ ಮಟ್ಟೆ, ಚಿಪ್ಪು, ಒಳಗಿನ ಕಾಯಿ ಇರೋ ಹಾಗೆ ಹಾಡಿಗೂ ಮೂರು ಪದರ ಅಂದ್ಕೊಳ್ಳಿ. ಒಂದೊಂದಕ್ಕೂ ಬೇರೆ ಬೇರೆ ಹಕ್ಕುದಾರರು ಇರಬಹುದು.

ಒಂದು, ಸಾಹಿತ್ಯ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದವರು ಬದುಕಿರುವಷ್ಟು ಕಾಲ, ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತೆ. ಷರೀಫರ ಪದಗಳು ಯಾವಾಗಲೋ ಎಲ್ಲರದ್ದಾಗಿವೆ. ಆದರೆ ಭಾವಗೀತೆಗೆ ಇದೇ ಲೆಕ್ಕ ಹಾಕಬೇಡಿ. ಕೆ.ಎಸ್. ನರಸಿಂಹಸ್ವಾಮಿ ತೀರಿಕೊಂಡದ್ದು 2003ರಲ್ಲಿ. ಅವರ ಕವಿತೆಗಳ ಹಕ್ಕು 2063ರ ಕೊನೆವರೆಗೂ ಇರುತ್ತೆ.

ಎರಡು, ರಾಗ ಸಂಯೋಜನೆ. ಇದಕ್ಕೂ 60 ವರ್ಷದ್ದೇ ಲೆಕ್ಕ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ಅವರು ಹಾಕಿದ ರಾಗಕ್ಕೆ 2069ರ ಕೊನೆವರೆಗೆ ರಕ್ಷಣೆ ಇದೆ. ಆ ಹಕ್ಕು ಈಗ ಯಾರ ಕೈಯಲ್ಲಿದೆ ಅನ್ನೋದು ಆಗಿನ ಒಪ್ಪಂದಗಳ ಮೇಲೆ ನಿಂತಿರುತ್ತೆ.

ಮೂರು, ರೆಕಾರ್ಡಿಂಗ್. ಬಿಡುಗಡೆಯಾದ ಮೇಲೆ 60 ವರ್ಷ. ನೀವು ಡೌನ್‌ಲೋಡ್ ಮಾಡ್ಕೊಂಡ ಕರೋಕೆ ಟ್ರ್ಯಾಕ್ ಕೂಡ ಒಂದು ರೆಕಾರ್ಡಿಂಗೇ, ಅದಕ್ಕೂ ಒಬ್ಬ ಮಾಲೀಕ ಇರ್ತಾನೆ.

ಆ ಹುಡುಗಿ ಹಾಡಿದ್ದು ಕ್ಯಾಸೆಟ್ಟಿನ ರಾಗದಲ್ಲಿ, ಕರೋಕೆ ಟ್ರ್ಯಾಕ್ ಮೇಲೆ. ಪದ ಎಲ್ಲರದ್ದೇ, ಉಳಿದ ಎರಡು ಪದರ ಬೇರೆಯವರದ್ದು. ಇಂಥ ಆ್ಯಪ್‌ಗಳ ಯಂತ್ರ ಷರೀಫರನ್ನು ನೋಡಲ್ಲ, ತನ್ನಲ್ಲಿರೋ ಧ್ವನಿಗೆ ತಾಳೆಯಾಗುತ್ತಾ ಅಂತ ನೋಡುತ್ತೆ, ಅಷ್ಟೇ. ರಾಯಧನ ಕಟ್ಟಿ ಕವರ್ ಮಾಡೋಕೆ ಕಾಯ್ದೆಯ 31ಸಿ ಸೆಕ್ಷನ್‌ನಲ್ಲಿ ಅವಕಾಶ ಇದೆ. ಆದರೆ ಮೊದಲ ರೆಕಾರ್ಡಿಂಗ್ ಆಗಿ ಐದು ವರ್ಷ ಕಳೆದಿರಬೇಕು, ಮೊದಲೇ ತಿಳಿಸಬೇಕು, ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ. ಫೋನ್ ಹಿಡಿದು ಹಾಡೋರಿಗೆ ಅದು ದೂರದ ಮಾತು.

ಸುಲಭದ ದಾರಿ ಇನ್ನೊಂದಿದೆ, ಅದೇ ಒಳ್ಳೆಯದು ಕೂಡ. ಪದ ಇಟ್ಕೊಳ್ಳಿ, ರಾಗ ನೀವೇ ಹಾಕಿ. ಅಶ್ವತ್ಥ್ ಮಾಡಿದ್ದೂ ಅದನ್ನೇ, ರಘು ಮಾಡಿದ್ದೂ ಅದನ್ನೇ.

ನಿಜವಾಗಿ ಕಳೆದುಹೋಗ್ತಿರೋದು

ನನಗೆ ಚಿಂತೆ ಇರೋದು ಗಿಟಾರ್ ಬಂತು ಅಂತಲ್ಲ. ಕ್ಯಾಸೆಟ್ ಬಂದ ಮೇಲೆ ಎಲ್ಲರೂ ಒಂದೇ ಥರ ಹಾಡೋಕೆ ಶುರು ಮಾಡಿದರು ಅನ್ನೋದು. ಇದು ಅಶ್ವತ್ಥ್ ಅವರ ತಪ್ಪಲ್ಲ, ಅವರ ದನಿಯ ಶಕ್ತಿ ಹಾಗಿತ್ತು. ಆದರೆ ಶಾಲೆ ವಾರ್ಷಿಕೋತ್ಸವದಿಂದ ಆರ್ಕೆಸ್ಟ್ರಾವರೆಗೆ ಒಂದೇ ಮಟ್ಟು ಕೇಳಿಸೋಕೆ ಶುರುವಾದಾಗ ಊರೂರಿನ ಮಟ್ಟುಗಳು ಮೂಲೆಗೆ ಸರಿದವು. ಸಾವಿನ ಮನೆಯಲ್ಲಿ ಬೆಳಗಿನ ತನಕ ತತ್ವಪದ ಹಾಡೋ ಅಜ್ಜಂದಿರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಮಟ್ಟು ಯಾವ ಆ್ಯಪ್‌ನಲ್ಲೂ ಇಲ್ಲ. ಅವರ ಜೊತೆಗೇ ಹೋಗಿಬಿಡುತ್ತೆ.

ನಿಮ್ಮ ಜೇಬಿನಲ್ಲಿ ಫೋನ್ ಇದೆ. ಈ ವಾರ ಊರಿನ ಭಜನೆಯವರ ಹತ್ತಿರ ಹೋಗಿ ಒಂದು ಪದ ರೆಕಾರ್ಡ್ ಮಾಡಿ. ಮೊದಲು ಕೇಳಿ, ಆಮೇಲೆ ರೆಕಾರ್ಡ್ ಬಟನ್ ಒತ್ತಿ. ಹಾಡೋರಿಗೂ ಕಾಯ್ದೆಯಲ್ಲಿ 50 ವರ್ಷದ ‘ಪ್ರದರ್ಶಕರ ಹಕ್ಕು’ ಇದೆ. ನೆಟ್‌ನಲ್ಲಿ ಹಾಕೋದಾದರೆ ಒಪ್ಪಿಗೆ ತಗೊಳ್ಳಿ, ಅವರ ಹೆಸರು, ಊರು, ಯಾರಿಂದ ಕಲಿತರು ಅನ್ನೋದನ್ನ ಬರೀರಿ. ಫ್ಯಾನ್ ಆಫ್ ಮಾಡಿಸಿ, ಫೋನನ್ನು ದಮ್ಮಡಿಯಿಂದ ದೂರ, ಹಾಡೋರ ಹತ್ತಿರ ಇಡಿ. ಪೂರ್ತಿ ಪದ ಮುಗಿಯೋ ತನಕ ನಿಲ್ಲಿಸಬೇಡಿ.

ಆಮೇಲೆ ಮನೆಗೆ ಬಂದು ಅದೇ ಪದಾನ ನಿಮ್ಮ ಗಂಟಲಿಗೆ ಒಗ್ಗೋ ಹಾಗೆ ಹಾಡಿ ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ.