ಆಪತ್ತಿನ ಗಳಿಗೆಯಲ್ಲಿ ಯಾರನ್ನು ಕರೆಯೋಣ?

ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನದ ಹಬ್ಬವನ್ನು ಆಚರಿಸುತ್ತೇವೆ. ಒಂಬತ್ತು ದಿನಗಳ ನವೇನ, ಹೂವು ಹಿಡಿದ ಮಕ್ಕಳ ಸಾಲು, ಹೊಸ ತೆನೆಯ ಆಶೀರ್ವಾದ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಊಟ. ಇದಾದ ಎರಡೇ ದಿನಕ್ಕೆ, 10ನೇ ತಾರೀಖು, ಜಗತ್ತು ಆತ್ಮಹತ್ಯೆ ತಡೆ ದಿನವನ್ನು ಆಚರಿಸುತ್ತದೆ. 2003ರಿಂದ ಈ ರೂಢಿ ನಡೆದುಬಂದಿದೆ. ನಮ್ಮ ಪೂಜಾ ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲ, ಸರಿ. ಆದರೆ ಹಬ್ಬದ ಊಟಕ್ಕೂ ಕೋಣೆ ಬಿಟ್ಟು ಹೊರಬಾರದ ಒಬ್ಬರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. "ಸ್ವಲ್ಪ ಹುಷಾರಿಲ್ಲ" ಎಂದು ನೆಂಟರಿಗೆ ಹೇಳಿ, ಆ ಕೋಣೆಯ ಬಾಗಿಲನ್ನು ಮುಂದೆ ಮಾಡಿರುತ್ತೇವೆ.

2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅದರಲ್ಲಿ ಕರ್ನಾಟಕದವರು 13,606. ಅಂದರೆ ನಮ್ಮ ರಾಜ್ಯವೊಂದರಲ್ಲೇ ದಿನಕ್ಕೆ ಸುಮಾರು 37 ಮಂದಿ. ಅಪ್ಪ ಎದೆ ಹಿಡಿದುಕೊಂಡು ಕುಸಿದರೆ ನಾವು ಕೈಕಟ್ಟಿ ಕೂರುವುದಿಲ್ಲ; ಪಕ್ಕದ ಮನೆಯವರ ಆಟೋ ಆದರೂ ಸರಿ, ಹತ್ತಿಸಿಕೊಂಡು ಓಡುತ್ತೇವೆ. ಅದೇ ಅಪ್ಪ ಮೂರು ರಾತ್ರಿ ನಿದ್ದೆಯಿಲ್ಲದೆ ಕುಳಿತು, "ನಾನು ಇದ್ದು ಯಾರಿಗೇನು ಪ್ರಯೋಜನ" ಎಂದರೆ? "ಹಾಗೆಲ್ಲ ಮಾತಾಡಬಾರದು, ಜಪಸರ ಹೇಳಿ ಮಲಗಿ" ಎನ್ನುತ್ತೇವೆ. ಜಪಸರ ಒಳ್ಳೆಯದೇ. ಆದರೆ ಆ ಮಾತು ಎದೆನೋವಿನಷ್ಟೇ ತುರ್ತಾದದ್ದೆಂದು ನಮಗಿನ್ನೂ ಅರಿವಾಗಿಲ್ಲ.

ಮನಸ್ಸಿನ ಆಪತ್ತೆಂದರೆ ಸಾಯುವ ಮಾತು ಮಾತ್ರವಲ್ಲ. ಹೆರಿಗೆಯಾದ ಎರಡು ವಾರದೊಳಗೆ ತಾಯಿ ನಿದ್ದೆ ಬಿಟ್ಟು, ಸಂಬಂಧವಿಲ್ಲದ ಮಾತಾಡುತ್ತ, ಮಗು ತನ್ನದಲ್ಲ ಎನ್ನತೊಡಗಿದರೆ ಅದು ಆಪತ್ತು. ಹಿರಿಯರು ಇದನ್ನು ಬಾಣಂತಿ ಸನ್ನಿ ಎಂದು ಕರೆದರು. ಗಾಳಿ ಸೋಕಿತೆಂದು ನೂಲು ಕಟ್ಟಿಸಿ ಕಾಯುತ್ತ ಕೂತರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ಚಿಕಿತ್ಸೆ ಕೊಟ್ಟರೆ ಚೆನ್ನಾಗಿ ವಾಸಿಯಾಗುವ ಕಾಯಿಲೆಗಳಲ್ಲಿ ಇದೂ ಒಂದು.

ಇನ್ನೊಂದನ್ನು ನಮ್ಮ ಕಥೋಲಿಕ ಮನೆಗಳವರು ವಿಶೇಷವಾಗಿ ತಿಳಿದಿರಬೇಕು. ವಿಭೂತಿ ಬುಧವಾರ ಹಣೆಗೆ ಬೂದಿ ಇಟ್ಟುಕೊಂಡು, "ಇಂದಿನಿಂದ ಒಂದು ತೊಟ್ಟೂ ಮುಟ್ಟುವುದಿಲ್ಲ" ಎಂದು ಹರಕೆ ಹೊರುವವರು ಊರೂರಲ್ಲೂ ಇದ್ದಾರೆ. ಸಂಕಲ್ಪ ದೊಡ್ಡದು. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನದೊಳಗೆ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ ಹಾವು ಹುಳು ಕಾಣುತ್ತ, ಹೆಂಡತಿ ಮಕ್ಕಳ ಗುರುತೂ ಹತ್ತದ ಸ್ಥಿತಿಗೆ ಹೋಗಬಹುದು. ಅದು ದೆವ್ವದ ಕಾಟವಲ್ಲ. ಮದ್ಯಕ್ಕೆ ಒಗ್ಗಿಹೋದ ಮೆದುಳು ಅದಿಲ್ಲದೆ ಕೆರಳಿದ ಪರಿ. ಜೀವ ಹೋಗುವ ಸಂಭವವೂ ಉಂಟು. ಆದ್ದರಿಂದ ತಪಸ್ಸುಕಾಲದ ಹರಕೆಗೆ ಮುಂಚೆಯೇ ವೈದ್ಯರನ್ನು ಕಾಣಬೇಕು. ನಡುಕ, ಗಲಿಬಿಲಿ ಶುರುವಾಗಿದ್ದರೆ ಧ್ಯಾನಕೂಟಕ್ಕಲ್ಲ, ಆಸ್ಪತ್ರೆಗೆ ಕರೆದೊಯ್ಯಬೇಕು. ಧ್ಯಾನಕೂಟದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ: ಅಲ್ಲಿಗೆ ಹೋಗುವಾಗ ವೈದ್ಯರು ಬರೆದುಕೊಟ್ಟ ಮಾತ್ರೆಗಳು ಬೈಬಲಿನ ಜೊತೆಯಲ್ಲೇ ಚೀಲದಲ್ಲಿರಲಿ. ಮಾತ್ರೆ ನಿಲ್ಲಿಸುವುದು ವಿಶ್ವಾಸದ ಪರೀಕ್ಷೆಯಲ್ಲ.

ಪವಿತ್ರ ಗ್ರಂಥ ಇಂಥ ಗಳಿಗೆಯನ್ನು ಮುಚ್ಚಿಟ್ಟಿಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ತೆರೆದು ನೋಡೋಣ. ಪ್ರವಾದಿ ಎಲೀಯ ಪ್ರಾಣಭಯದಿಂದ ಅರಣ್ಯಕ್ಕೆ ಓಡಿ, ಜಾಲಿಗಿಡದ ಕೆಳಗೆ ಕುಳಿತು, ತನಗೆ ಸಾವು ಬರಲೆಂದು ಬೇಡುತ್ತಾನೆ. ಹಿಂದಿನ ದಿನಗಳಲ್ಲಷ್ಟೇ ಆಕಾಶದಿಂದ ಬೆಂಕಿ ಇಳಿಸಿದ ಭಕ್ತ ಅವನು! ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ, ವಿಶ್ವಾಸ ಸಾಲದೆಂದು ಗದರಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದ. ಆ ಎರಡನೆಯ ಬರವನ್ನು ನಮ್ಮ ಪ್ರಬೋಧನೆಗಳಲ್ಲಿ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಒಮ್ಮೆ ಬಂದು ಬುದ್ಧಿ ಹೇಳಿ ಹೋಗುವವರು ಬಹಳ. ಎರಡನೆಯ ಸಲ ಬರುವವರು ಕಡಿಮೆ.

ಹಾಗಾದರೆ ಆ ಗಳಿಗೆಯಲ್ಲಿ ಮಾಡುವುದೇನು? ಮೊದಲು ಕೇಳಬೇಕು, ಸುತ್ತು ಬಳಸದೆ. "ಸಾಯಬೇಕು ಅನ್ನಿಸುತ್ತಿದೆಯಾ? ಹೇಗೆ ಅಂತಲೂ ಯೋಚಿಸಿದ್ದೀಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿದೆ. ಹಾಗಾಗುವುದಿಲ್ಲವೆಂದು ಈ ಕೆಲಸದಲ್ಲಿ ಪಳಗಿದ ವೈದ್ಯರೆಲ್ಲ ಹೇಳುತ್ತಾರೆ. ಯಾರೊಬ್ಬರಾದರೂ ಕೇಳಿದರಲ್ಲ ಎಂದು ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬಾರದು. "ಯಾರಿಗೂ ಹೇಳಬೇಡ" ಎಂದು ಆಣೆ ಹಾಕಿಸಿಕೊಂಡರೂ ಆ ಆಣೆಗೆ ಕಟ್ಟುಬೀಳಬೇಕಾಗಿಲ್ಲ.

ಎರಡನೆಯದಾಗಿ, ಕೈಗೆ ಸಿಗುವ ಅಪಾಯವನ್ನು ಕೂಡಲೇ ದೂರ ಮಾಡಬೇಕು. ತೋಟ ಗದ್ದೆಗೆ ಹೊಡೆಯುವ ವಿಷದ ಡಬ್ಬಿ ಮಂಚದ ಕೆಳಗೋ ಅಟ್ಟದ ಮೇಲೋ ಇದ್ದರೆ ಅದು ಆ ಮನೆಯಿಂದಲೇ ಆಚೆ ಹೋಗಬೇಕು. ಅಜ್ಜನ ಬಿ.ಪಿ. ಮಾತ್ರೆಗಳ ಪೊಟ್ಟಣವೂ ಬೀಗದೊಳಗಿರಲಿ. "ಸಾಯಬೇಕೆಂದವರು ಹೇಗೂ ಸಾಯುತ್ತಾರೆ" ಎಂಬ ಮಾತು ಸುಳ್ಳು. ನೆರೆಯ ಶ್ರೀಲಂಕಾ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಲ್ಲಿ ತುತ್ತತುದಿಗೇರಿದ್ದ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಮುಂದಿನ ಎರಡು ದಶಕಗಳಲ್ಲಿ ಸುಮಾರು 70 ಶೇಕಡಾ ಇಳಿಯಿತು. ಆ ಹುಚ್ಚು ಗಳಿಗೆ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಅಷ್ಟು ಹೊತ್ತು ಕೈಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ.

ಆಗಲೇ ಏನಾದರೂ ಕುಡಿದಿದ್ದರೆ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಅದು ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಡುಕು. ಎಡಮಗ್ಗುಲಿಗೆ ಮಲಗಿಸಿ, ವಿಷದ ಡಬ್ಬಿಯನ್ನು ಜೊತೆಗಿಟ್ಟುಕೊಂಡು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಯಾವ ವಿಷವೆಂದು ಗೊತ್ತಾದರೆ ವೈದ್ಯರಿಗೆ ಅರ್ಧ ಕೆಲಸ ಹಗುರ. ಮಾತಾಡುತ್ತಿದ್ದಾನೆ, ಚೆನ್ನಾಗಿಯೇ ಇದ್ದಾನೆ ಎಂದು ಮನೆಯಲ್ಲಿ ಉಳಿಸಿಕೊಳ್ಳಲೂಬಾರದು. ಕೆಲವು ವಿಷಗಳು ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಎದ್ದೇಳುತ್ತವೆ.

ಈಗ ಫೋನಿನ ವಿಷಯಕ್ಕೆ ಬರೋಣ. ನೊಂದವರ ಮಾತನ್ನು ಫೋನಿನಲ್ಲಿ ಕೇಳುವ ಸೇವೆಯ ಹಿಂದೆ ಒಬ್ಬ ಗುರುಗಳಿದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿರಬಹುದು. ಚಾಡ್ ವಾರಾ ಎಂಬ ಆಂಗ್ಲಿಕನ್ ಗುರುಗಳು 1935ರಲ್ಲಿ, ಇನ್ನೂ ಹೊಸಬರಾಗಿದ್ದಾಗ, ಒಬ್ಬ ಎಳೆಯ ಹುಡುಗಿಯ ಅಂತ್ಯಕ್ರಿಯೆ ನಡೆಸಬೇಕಾಯಿತು. ಮೊದಲ ಸಲ ಮುಟ್ಟಾದದ್ದನ್ನು ಭಯಂಕರ ರೋಗವೆಂದು ತಿಳಿದು, ಕೇಳಲು ಯಾರೂ ಇಲ್ಲದೆ ಆಕೆ ಪ್ರಾಣ ಬಿಟ್ಟಿದ್ದಳು. ಆ ನೆನಪು ಅವರನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ದೇವಾಲಯದಲ್ಲೇ ಒಂದು ಫೋನಿಟ್ಟು ಅವರು ಆರಂಭಿಸಿದ್ದೇ ಸಮಾರಿಟನ್ಸ್ ಸಂಸ್ಥೆ. ಮೊದಲ ಕರೆ ಬಂದದ್ದು ನವೆಂಬರ್ 2ರಂದು, ನಾವು ಸಕಲ ಮೃತರನ್ನು ಸ್ಮರಿಸುವ ದಿನ. ಗುರುಗಳನ್ನು ಕಾಣಲು ಸಾಲಿನಲ್ಲಿ ಕಾದವರಿಗೆ ಚಹಾ ಕೊಟ್ಟು ಮಾತು ಕೇಳುತ್ತ ಕೂತವರು ಸಾಮಾನ್ಯ ಜನ. ಎಷ್ಟೋ ಮಂದಿ ಅವರೊಡನೆ ಮಾತಾಡಿಯೇ ಹಗುರಾಗಿ ಹಿಂತಿರುಗುತ್ತಿದ್ದರಂತೆ, ಗುರುಗಳ ಬಾಗಿಲವರೆಗೂ ಹೋಗದೆ.

ನಮ್ಮ ದೇಶದಲ್ಲಿ ಇಂದು ಇದಕ್ಕಿರುವ ಸರ್ಕಾರಿ ಸೇವೆಯ ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ನಿಮ್ಹಾನ್ಸ್ ಸಂಸ್ಥೆಯೇ ಅದರ ತಲೆ. ನಂಬರು 14416. ಹಗಲೂ ರಾತ್ರಿಯೂ ಇದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿದಾಗ ಮೊದಲು ಯಂತ್ರದ ದನಿ ಭಾಷೆ ಯಾವುದೆಂದು ಕೇಳುತ್ತದೆ. ಅದಕ್ಕೆ ಗಾಬರಿಯಾಗಿ ಇಟ್ಟುಬಿಡಬೇಡಿ. ಭಾಷೆ ಆರಿಸಿದ ಮೇಲೆ ತರಬೇತಾದ ಆಪ್ತಸಲಹೆಗಾರರು ಸಿಗುತ್ತಾರೆ. ಅಗತ್ಯ ಕಂಡರೆ ಅವರೇ ಮನೋವೈದ್ಯರಿಗೆ ಜೋಡಿಸುತ್ತಾರೆ, ಹತ್ತಿರದ ಆಸ್ಪತ್ರೆಯನ್ನೂ ತಿಳಿಸುತ್ತಾರೆ. ನೊಂದವರೇ ಮಾತಾಡಬೇಕೆಂದೇನಿಲ್ಲ. ತಾಯಿಯೋ ಅಣ್ಣನೋ ಕರೆ ಮಾಡಿ "ನಮ್ಮ ಹುಡುಗ ಹೀಗಿದ್ದಾನೆ, ಏನು ಮಾಡಲಿ" ಎಂದು ಕೇಳಬಹುದು. ಆದರೆ ಕೈಯಲ್ಲಿ ಕತ್ತಿ ಇದೆ, ಕೋಣೆಗೆ ಚಿಲಕ ಬಿದ್ದಿದೆ ಎನ್ನುವಾಗ ಸಲಹೆ ಕೇಳುತ್ತ ಕೂರುವ ಹೊತ್ತಲ್ಲ ಅದು, ಆಗ 112. ಮಕ್ಕಳ ವಿಷಯಕ್ಕೆ 1098 ಇದೆ.

ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೂ ಒಂದು ಮಾತು. ನಡುರಾತ್ರಿ ಮಗನಿಂದ ಅನುಮಾನ ಹುಟ್ಟಿಸುವ ಸಂದೇಶ ಬಂದರೆ ಇಲ್ಲಿಂದ 112 ಒತ್ತಿ ಉಪಯೋಗವಿಲ್ಲ. ಅಮೆರಿಕದಲ್ಲಿರುವವರು 2022ರ ಜುಲೈಯಿಂದ 988ಕ್ಕೆ ಕರೆ ಮಾಡಬಹುದು. ಇಂಗ್ಲೆಂಡಿನಲ್ಲಿ ಸಮಾರಿಟನ್ಸ್‌ನ ನಂಬರು 116 123. ಅವನ ಮನೆಯ ಪೂರ್ತಿ ವಿಳಾಸ, ಜೊತೆಗಿರುವ ಒಬ್ಬ ಗೆಳೆಯನ ನಂಬರು ಇವೆರಡನ್ನು ಈಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗಲ್ಫಿಗೆ ಮಗನನ್ನು ಕಳಿಸುವಾಗ ಉಪ್ಪಿನಕಾಯಿಯ ಬಾಟಲಿಗೆ ಎಷ್ಟು ಸುತ್ತು ಕಾಗದ ಸುತ್ತಬೇಕೆಂದು ನಮಗೆ ಗೊತ್ತು. ಈ ಎರಡು ಸಾಲು ಬರೆದುಕೊಳ್ಳಲು ಮರೆಯುತ್ತೇವೆ.

ಆಸ್ಪತ್ರೆಗೆ ಹೋಗಲು ಅಡ್ಡ ಬರುವುದು ಪೊಲೀಸರ ಭಯ, ಮಾನದ ಭಯ. ಮೊದಲನೆಯದನ್ನು ಕಾನೂನೇ ನಿವಾರಿಸಿದೆ. 2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೇ ಕಲಮಿನ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸಬಾರದು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಇಂಥ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮು ಭಾರತೀಯ ದಂಡಸಂಹಿತೆಯೊಂದಿಗೇ 2024ರ ಜುಲೈ 1ರಂದು ಕೊನೆಗೊಂಡಿತು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಅದು ಕ್ರಮ, ಅದಕ್ಕೆ ಅಂಜಿ "ಜಾರಿ ಬಿದ್ದ" ಎಂದು ಸುಳ್ಳು ಹೇಳಿದರೆ ಚಿಕಿತ್ಸೆಯೇ ದಾರಿತಪ್ಪುತ್ತದೆ. ಅದೇ ಕಾಯಿದೆ ಇನ್ನೊಂದು ಉಪಕಾರ ಮಾಡಿದೆ. ಜೀವಕ್ಕೆ ಅಪಾಯವಿರುವಾಗ ನೋಂದಾಯಿತ ವೈದ್ಯರು ಯಾರೇ ಆಗಲಿ, ಮನೆಯವರ ಒಪ್ಪಿಗೆ ಪಡೆದು, 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿಲ್ಲವೆಂದು ಮನೆಗೆ ಮರಳಬೇಕಾಗಿಲ್ಲ. "ಕರೆಂಟು ಶಾಕ್ ಕೊಟ್ಟುಬಿಡುತ್ತಾರೆ" ಎಂದು ಹೆದರುವವರಿಗೆ: ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಅದನ್ನು ಕೊಡುವಂತಿಲ್ಲವೆಂದು ಕಾಯಿದೆಯೇ ಹೇಳಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲುರಾತ್ರಿ ತೆರೆದಿರುತ್ತದೆ. ಉತ್ತರದ ಜಿಲ್ಲೆಗಳವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ಸಂತ ಜೋನರ ಆಸ್ಪತ್ರೆ, 1880ರಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಆಸ್ಪತ್ರೆ, ಇವುಗಳಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಸಿಗುತ್ತಾರೆ. ಈ ಕಾರ್ಯಕ್ರಮದ ಮಾದರಿ 1980ರ ದಶಕದಲ್ಲಿ ಸಿದ್ಧವಾದದ್ದು ನಮ್ಮ ಬಳ್ಳಾರಿಯಲ್ಲೇ ಎಂಬುದು ನಮಗೆ ಹೆಮ್ಮೆಯ ವಿಷಯ.

ಮಾನದ ಭಯಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ಅದರಲ್ಲಿ ಧರ್ಮಸಭೆಯ ಹಳೆಯ ನೆನಪೂ ಬೆರೆತಿದೆ. 1917ರ ಧರ್ಮಸಭಾ ಕಾನೂನು, ತಿಳಿದೂ ತಿಳಿದೂ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. ನಮ್ಮ ಅಜ್ಜ ಅಜ್ಜಿಯರು ಬೇಲಿಯಾಚೆಯ ಗುಂಡಿಯ ಮಾತಾಡುತ್ತಿದ್ದುದು ಅದರಿಂದಲೇ. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ, 2282 ಮತ್ತು 2283ನೇ ಖಂಡಗಳಲ್ಲಿ, ಮನಸ್ಸಿನ ತೀವ್ರ ಬೇನೆ, ಭಯ, ಸಂಕಟ ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆಂದೂ, ಅಂಥವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ ಬೋಧಿಸುತ್ತದೆ, ಅವರಿಗಾಗಿ ಪ್ರಾರ್ಥಿಸುತ್ತದೆ. ಹೀಗಿರುವಾಗ ಬದುಕಿ ಉಳಿದವನನ್ನು "ಪಾಪಿ" ಎಂದು ದೂರವಿಡಲು ನಾವು ಯಾರು?

ಗುರುಗಳ ಬಳಿ ಹೋಗುವವರಿಗೂ ತಿಳಿದಿರಲಿ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ, ಎಂದಿಗೂ, ಜೀವ ಉಳಿಸಲೆಂದೂ ಹೇಳುವಂತಿಲ್ಲ. ಆದ್ದರಿಂದ ಅಲ್ಲಿ ಮಾತ್ರ ಹೇಳಿ ಎದ್ದುಹೋದರೆ ಅವರ ಕೈ ಕಟ್ಟಿದಂತಾಗುತ್ತದೆ. ಅದೇ ಮಾತನ್ನು ಹೊರಗೆ, ಗುರುಮನೆಯ ಜಗುಲಿಯಲ್ಲಿ, "ಫಾದರ್, ನನಗೆ ಹೀಗಾಗುತ್ತಿದೆ" ಎಂದು ಹೇಳಿದರೆ ಅವರು ಒಪ್ಪಿಗೆ ಕೇಳಿ ಮನೆಯವರನ್ನು ಕರೆಸಬಹುದು, ಪಕ್ಕದಲ್ಲೇ ಕೂತು 14416ಕ್ಕೆ ಫೋನು ಮಾಡಿಕೊಡಬಹುದು, ಆಸ್ಪತ್ರೆಗೂ ಜೊತೆಯಾಗಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮೊದಲ ಕೆಲವು ವಾರಗಳೇ ಹೆಚ್ಚು ನಾಜೂಕು. ಗುಣವಾಯಿತೆಂದು ಮನೆಮಂದಿ ಕಾವಲು ಸಡಿಲಿಸುವುದೂ ಆಗಲೇ. ಮಾತ್ರೆಗಳನ್ನು ಬೇರೊಬ್ಬರು ಇಟ್ಟುಕೊಂಡು ದಿನದ್ದು ದಿನಕ್ಕೆ ಕೊಡಲಿ. ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು, ವಾರ್ಡಿನ ಗುರಿಕಾರರು, ನೆರೆಮನೆಯವರು ನೋಡಲು ಹೋದಾಗ "ಯಾಕೆ ಹೀಗೆ ಮಾಡಿಕೊಂಡೆ" ಎಂದು ಕೆದಕುವುದು ಬೇಡ. ಒಂದು ಬುತ್ತಿ ಊಟ ಒಯ್ಯಿರಿ, ಕೂತು ಅವನ ಜೊತೆ ನೀವೂ ಉಣ್ಣಿರಿ. ಡಾಕ್ಟರು ಮತ್ತೆ ಬರಹೇಳಿದ ತಾರೀಖು ಯಾವುದೆಂದು ಕೇಳಿ, ಆ ದಿನ ಬಸ್ಸಿಗೆ ಯಾರು ಜೊತೆ ಹೋಗುವುದೆಂದು ಅಲ್ಲೇ ಗೊತ್ತುಮಾಡಿಕೊಂಡು ಏಳಿರಿ.