ಕವಲೊಡೆದ ಹೃದಯನಾಳವೂ ಬೆಲೂನಿನ ಚಿಕಿತ್ಸೆಯೂ

ಶರೀರಕ್ಕೆಲ್ಲ ರಕ್ತವನ್ನು ಹಂಚುವ ಹೃದಯವು ತನ್ನ ಪೋಷಣೆಗೆ ಮಾತ್ರ ಮೈಮೇಲೆ ಕಿರೀಟದಂತೆ ಸುತ್ತಿಕೊಂಡಿರುವ ಕೆಲವು ಸಣ್ಣ ನಾಳಗಳನ್ನೇ ನಂಬಿರುವುದು. ಇವು ಮರದ ಕೊಂಬೆಗಳಂತೆ ಕವಲೊಡೆಯುತ್ತ ಹೋಗುವುವು. ಕವಲಿನೆಡೆಯಲ್ಲಿ ಪ್ರವಾಹವು ಸುಳಿಗೊಳ್ಳುವುದರಿಂದ ಮೇದಸ್ಸು ಅಲ್ಲಿ ಸುಲಭವಾಗಿ ಕೂಡಿಕೊಳ್ಳುವುದು. ಬೆಲೂನಿನಿಂದ ನಾಳವನ್ನು ಬಿಡಿಸುವ ಚಿಕಿತ್ಸೆಗಳಲ್ಲಿ ನೂರಕ್ಕೆ ಸುಮಾರು ೧೫ರಿಂದ ೨೦ ಇಂಥ ಕವಲುಗಳವೇ ಆಗಿರುವುವು.

ಜಯನಗರ, ಬನಶಂಕರಿಗಳ ಮನೆಗಳಲ್ಲಿ ‘ಜಯದೇವ’ ಎಂದೊಡನೆ ಗೀತಗೋವಿಂದದ ಕವಿಗಿಂತ ಮೊದಲು ಬನ್ನೇರುಘಟ್ಟ ರಸ್ತೆಯ ಹೃದ್ರೋಗದ ಆಸ್ಪತ್ರೆಯೇ ನೆನಪಾಗುವುದು. ಅಂಥ ಆಸ್ಪತ್ರೆಗಳಲ್ಲಿ ಸಮ್ಮತಿಪತ್ರವು ಕೈಗೆ ಬಂದಾಗ ಮನೆಯವರಿಗೆ ಹುಟ್ಟುವ ಸಂದೇಹವೊಂದುಂಟು: ಕವಲು ಎರಡಾದಮೇಲೆ ಸ್ಟೆಂಟು ಒಂದೇ ಏಕೆ? ವೈದ್ಯರು ಅರ್ಧ ಕೆಲಸವನ್ನು ಉಳಿಸಿದರೆ?

೧೯೭೭ನೆಯ ಸೆಪ್ಟೆಂಬರ್ ೧೬ರಂದು ಜ್ಯೂರಿಕ್ ಪಟ್ಟಣದಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಂಬ ವೈದ್ಯರು ಎಚ್ಚರವಾಗಿದ್ದ ರೋಗಿಯ ಹೃದಯನಾಳದಲ್ಲಿ ಮೊತ್ತಮೊದಲು ಬೆಲೂನನ್ನು ಉಬ್ಬಿಸಿದರು. ಬಿಡಿಸಿದ ನಾಳವು ಮರಳಿ ಕುಸಿಯದಂತೆ ತಡೆಯುವ ಸ್ಟೆಂಟು, ಎಂದರೆ ಲೋಹದ ಜಾಲದ ನಳಿಗೆ, ೧೯೮೬ರಲ್ಲಿ ಬಂದಿತು. ನೇರವಾದ ನಾಳಕ್ಕೆ ಇಷ್ಟು ಸಾಕು. ಕವಲಿನಲ್ಲಿ ಹಾಗಲ್ಲ. ಎರಡು ಶಾಖೆಗಳ ವ್ಯಾಸಗಳನ್ನು ಕೂಡಿಸಿ ೦.೬೭೮ರಿಂದ ಗುಣಿಸಿದರೆ ತಾಯಿನಾಳದ ವ್ಯಾಸವು ಸುಮಾರಾಗಿ ದೊರೆಯುವುದು. ಶಾಖೆಗಳು ೩ ಮತ್ತು ೨.೫ ಮಿಲಿಮೀಟರ್ ಆದರೆ ತಾಯಿಯು ೩.೭. ಸ್ಟೆಂಟನ್ನು ತಾಯಿಯ ಅಳತೆಗೆ ಆರಿಸಿದರೆ ಅದು ಕವಲಿನ ಏಣನ್ನು ಪಕ್ಕಕ್ಕೆ ತಳ್ಳಿ ಉಪಶಾಖೆಯ ಬಾಯನ್ನು ಮುಚ್ಚೀತು. ಶಾಖೆಯ ಅಳತೆಗೆ ಆರಿಸಿದರೆ ತಾಯಿನಾಳದಲ್ಲಿ ಸಡಿಲವಾಗಿ ನಿಂತೀತು.

ಈ ತೊಡಕನ್ನು ಬಿಡಿಸುವುದು ಬೆಲೂನು. ಎರಡು ಶಾಖೆಗಳಿಗೂ ಸೂಕ್ಷ್ಮವಾದ ತಂತಿಯನ್ನಿಳಿಸಿ, ಮುಖ್ಯಶಾಖೆಯ ಅಳತೆಯ ಒಂದೇ ಸ್ಟೆಂಟನ್ನು ಕವಲಿಗೆ ಅಡ್ಡಲಾಗಿ ಕೂರಿಸುವರು. ಅನಂತರ ತಾಯಿಯ ಅಳತೆಯ ಗಿಡ್ಡ ಬೆಲೂನೊಂದನ್ನು ಸರಿಯಾಗಿ ಏಣಿನವರೆಗೆ ತಂದು ಉಬ್ಬಿಸುವರು. ಸ್ಟೆಂಟು ಗೋಡೆಗೆ ಅಂಟಿಕೊಳ್ಳುವುದಲ್ಲದೆ, ಉಪಶಾಖೆಯ ಬಾಯಲ್ಲಿ ಜಾಲದ ಕಣ್ಣುಗಳೂ ಅರಳುವುವು. ಅಲ್ಲಿ ರಕ್ತವು ಚೆನ್ನಾಗಿ ಹರಿದರೆ ಮುಂದೆ ಕೈಹಾಕದಿರುವುದೇ ಜಾಣತನ. ಹರಿಯದಿದ್ದರೆ ಜಾಲದ ಕಣ್ಣಿನೊಳಗಿಂದ ತಂತಿಯನ್ನು ಹಾಯಿಸಿ, ಎರಡು ಬೆಲೂನುಗಳನ್ನು ಒಟ್ಟಿಗೆ ಉಬ್ಬಿಸುವರು. ಪಾಶ್ಚಾತ್ಯರು ಇವಕ್ಕೆ ‘ಚುಂಬಿಸುವ ಬೆಲೂನು’ಗಳೆಂದು ಹೆಸರಿಟ್ಟಿರುವರು; ಯುಗಳಬೆಲೂನು ಎಂದರೆ ಹಿರಿಯರೆದುರು ಆಡಲು ಸಂಕೋಚವಿಲ್ಲ! ಇವೆರಡೂ ಅಕ್ಕಪಕ್ಕದಲ್ಲಿ ಉಬ್ಬುವುದರಿಂದ ತಾಯಿನಾಳದ ಸ್ಟೆಂಟು ಮೊಟ್ಟೆಯ ಆಕಾರವನ್ನು ತಾಳುವುದು. ಆದುದರಿಂದ ಕಡೆಯಲ್ಲಿ ಗಿಡ್ಡ ಬೆಲೂನಿನಿಂದ ಮತ್ತೆ ದುಂಡಗೆ ಮಾಡಬೇಕು.

ಬೆಲೂನಿನಲ್ಲಿ ತುಂಬುವುದು ಗಾಳಿಯಲ್ಲ, ಎಕ್ಸ್‌ರೇಗೆ ಕಾಣುವ ದ್ರವ. ಉಬ್ಬಿರುವಷ್ಟು ಹೊತ್ತು ರಕ್ತವು ತಡೆದು ನಿಲ್ಲುವುದರಿಂದ ರೋಗಿಗೆ ಎದೆನೋವು ಕಾಣಿಸಬಹುದು. ಇಳಿಸಿದೊಡನೆ ಸಾಮಾನ್ಯವಾಗಿ ಶಮನವಾಗುವುದು.

ಹಾಗಾದರೆ ಎರಡು ಸ್ಟೆಂಟು ಎಂದೂ ಬೇಡವೇ? ಉಪಶಾಖೆಯು ದೊಡ್ಡದಾಗಿದ್ದು ಬಾಯಿಂದಾಚೆಗೂ ಉದ್ದಕ್ಕೆ ಕೆಟ್ಟಿದ್ದರೆ, ಮುಖ್ಯವಾಗಿ ಎಡಗಡೆಯ ಮೂಲನಾಳದ ಕವಲಿನಲ್ಲಿ, ಬೇಕಾಗಬಹುದು. ಚೀನಾದಲ್ಲಿ ಬೆಳೆದ ‘ಡಿ.ಕೆ. ಕ್ರಷ್’ ಎಂಬ ಕ್ರಮದಲ್ಲಿ ಯುಗಳಬೆಲೂನನ್ನು ಎರಡು ಸಾರಿ ಉಬ್ಬಿಸುವರು. ಉಳಿದೆಡೆ ಎರಡನೆಯದರಿಂದ ಲೋಹವೂ ಕಾಲವೂ ವೆಚ್ಚವೂ ಹೆಚ್ಚುವುದು ನಿಶ್ಚಯ, ಗುಣವು ಹೆಚ್ಚುವುದು ನಿಶ್ಚಯವಲ್ಲ. ೨೦೧೭ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಔಷಧಲೇಪಿತ ಸ್ಟೆಂಟಿನ ಬೆಲೆಗೆ ೨೯,೬೦೦ ರೂಪಾಯಿಗಳ ಮಿತಿಯನ್ನು ಕಟ್ಟಿದ ಮೇಲೆ ಹೊರೆಯು ಬಹಳ ಇಳಿಯಿತೆಂಬುದು ನಿಜ.

ಆದುದರಿಂದ ಮನೆಯವರು ಕೇಳತಕ್ಕದ್ದು ಸ್ಟೆಂಟುಗಳ ಸಂಖ್ಯೆಯನ್ನಲ್ಲ. ಉಪಶಾಖೆ ಎಷ್ಟು ದೊಡ್ಡದು, ಅದರಲ್ಲಿ ರಕ್ತ ಹರಿಯುತ್ತಿದೆಯೇ ಎಂಬುದನ್ನು. ಮನೆಗೆ ಬಂದಮೇಲೆ, ರಕ್ತವು ಹೆಪ್ಪುಗಟ್ಟದಂತೆ ಕೊಟ್ಟ ಎರಡು ಮಾತ್ರೆಗಳನ್ನು ಹಲ್ಲು ಕೀಳಿಸುವ ನೆವದಿಂದಲೂ ಹೃದಯವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ದಂತವೈದ್ಯರಲ್ಲಿಗೆ ಹೋಗುವಾಗ ಆಸ್ಪತ್ರೆಯ ಚೀಟಿಯು ಜೊತೆಯಲ್ಲಿರಲಿ.